ಆಲ್ಗೋಗೆ ಗಡಿಯಾರ ಕಲಿಸುವುದು: ಪೇಟೆಯ ವೇಳಾಪಟ್ಟಿಗೆ ನಿಮ್ಮ ಸಿಸ್ಟಂ ಹೊಂದಿಸುವ ಕ್ರಮ

2020ರ ಏಪ್ರಿಲ್ 20, ಸೋಮವಾರ. ಲಾಕ್‌ಡೌನ್ ಇದ್ದುದರಿಂದ ಎಂಸಿಎಕ್ಸ್ (ಚಿನ್ನ, ತೈಲದಂಥ ಸರಕುಗಳ ಪೇಟೆ) ಆಗ ಸಂಜೆ 5ಕ್ಕೇ ಬಾಗಿಲು ಹಾಕುತ್ತಿತ್ತು. ಮಾಮೂಲಿ ದಿನಗಳಲ್ಲಾದರೆ ರಾತ್ರಿ 11 ದಾಟಿದರೂ ಅಲ್ಲಿ ವಹಿವಾಟು ನಡೆಯುತ್ತದೆ. ಅಂದು ಕಚ್ಚಾ ತೈಲದ ಏಪ್ರಿಲ್ ಕಾಂಟ್ರ್ಯಾಕ್ಟ್‌ಗೆ (ಮುಂದಿನ ದಿನಾಂಕಕ್ಕೆ ಮೊದಲೇ ಮಾಡಿಕೊಳ್ಳುವ ಕೊಡು-ಕೊಳ್ಳುವ ಒಪ್ಪಂದ) ಕೊನೆಯ ದಿನ. ಪೇಟೆ ಮುಚ್ಚುವಾಗ ಬ್ಯಾರೆಲ್ ಬೆಲೆ 965 ರೂಪಾಯಿ. ರಾತ್ರಿ ನ್ಯೂಯಾರ್ಕ್‌ನಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿದು ಮೈನಸ್ 37.63 ಡಾಲರ್‌ಗೆ ಬಂದು ನಿಂತಿತು. ಎಂಸಿಎಕ್ಸ್ ಕೊನೆಗೆ ಲೆಕ್ಕ ಚುಕ್ತಾ ಮಾಡಿದ್ದು ಮೈನಸ್ 2,884 ರೂಪಾಯಿಗೆ. ಒಂದು ಲಾಟ್ ಅಂದರೆ 100 ಬ್ಯಾರೆಲ್. ಸಂಜೆ 5ರ ಬೆಲೆಯಿಂದ ಲೆಕ್ಕ ಹಾಕಿದರೂ, ಖರೀದಿ ಪೊಸಿಷನ್ (ಕೊಂಡು ಇನ್ನೂ ಮಾರದೆ ಇಟ್ಟ ವ್ಯವಹಾರ) ಉಳಿಸಿಕೊಂಡಿದ್ದವರಿಗೆ ಲಾಟ್ ಒಂದಕ್ಕೆ ಸುಮಾರು 3.85 ಲಕ್ಷ ರೂಪಾಯಿ ಹೋಯಿತು. ಸ್ಟಾಪ್‌ಲಾಸ್ (ನಷ್ಟ ಒಂದು ಮಿತಿ ಮುಟ್ಟಿದರೆ ತಾನಾಗಿ ಹೊರಬರುವ ಆರ್ಡರ್) ಇಟ್ಟಿದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಪೇಟೆಯೇ ಮುಚ್ಚಿತ್ತಲ್ವಾ?

ಆಲ್ಗೋ (ತಾನಾಗಿ ಆರ್ಡರ್ ಹಾಕುವ ಪ್ರೋಗ್ರಾಂ) ಬರೆಯುವವರು ಎಂಟ್ರಿ, ಎಕ್ಸಿಟ್, ಇಂಡಿಕೇಟರ್ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಪೇಟೆಯ ಸಮಯದ ವಿಷಯ ಬಂದರೆ ಒಂದೇ ಸಾಲು: ಸೋಮವಾರದಿಂದ ಶುಕ್ರವಾರ, 9:15ರಿಂದ 3:30. ಮುಕ್ಕಾಲು ಪಾಲು ದಿನ ಈ ಸಾಲು ಸರಿಯಾಗಿಯೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ವರ್ಷದಲ್ಲಿ ಕೆಲವೇ ದಿನ ಅದು ತಪ್ಪುತ್ತದೆ, ಆ ದಿನಗಳಲ್ಲೇ ಪೇಟೆ ವಿಚಿತ್ರವಾಗಿ ಆಡುತ್ತಿರುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟು: ವೇಳಾಪಟ್ಟಿಯನ್ನು ಕೋಡ್ ಒಳಗೆ ಬರೆಯಬೇಡಿ. ಬೇರೆ ಫೈಲ್‌ನಲ್ಲಿಡಿ. ಸಿಸ್ಟಂ ದಿನಾ ಬೆಳಿಗ್ಗೆ ಅದನ್ನು ಓದಿದ ಮೇಲೇ ಕೆಲಸಕ್ಕಿಳಿಯಲಿ.

ಬ್ರೋಕರ್‌ನ ಎಪಿಐ (ನಮ್ಮ ಪ್ರೋಗ್ರಾಂ ಬ್ರೋಕರ್‌ಗೆ ಆರ್ಡರ್ ಕಳಿಸುವ ದಾರಿ) ತೆಗೆದುಕೊಂಡು, ಪೈಥಾನ್‌ನಲ್ಲೋ ಮತ್ತೊಂದರಲ್ಲೋ ಸ್ಕ್ರಿಪ್ಟ್ ಬರೆದು, ಕ್ಲೌಡ್ ಸರ್ವರ್ ಮೇಲೆ ಓಡಿಸುವ ಸಣ್ಣ ಟ್ರೇಡರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ನಿಮ್ಮ ಪೇಟೆಯ ದಿನಚರಿ ಬರೆದುಕೊಳ್ಳಿ

ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಷೇರು ವಿಭಾಗದಲ್ಲಿ ದಿನ ಶುರುವಾಗುವುದು 9:15ಕ್ಕಲ್ಲ, 9:00ಕ್ಕೆ. 9:00ರಿಂದ 9:08ರವರೆಗೆ ಪ್ರೀ-ಓಪನ್ ಆರ್ಡರ್ ಹಾಕಬಹುದು. ಇದು 9:07 ಮತ್ತು 9:08ರ ನಡುವೆ ಯಾವ ಸೆಕೆಂಡಿನಲ್ಲಿ ಬೇಕಾದರೂ ಮುಚ್ಚುತ್ತದೆ, ಬೇಕೆಂದೇ ಹಾಗೆ ಮಾಡಿದ್ದಾರೆ. 9:07:50ಕ್ಕೆ ಆರ್ಡರ್ ಕಳಿಸುತ್ತೇನೆ ಅಂತ ಸ್ಕ್ರಿಪ್ಟ್ ಬರೆದರೆ ಒಂದು ದಿನ ಹೋಗುತ್ತದೆ, ಒಂದು ದಿನ ಹೋಗುವುದಿಲ್ಲ. ಆಮೇಲೆ ಆರ್ಡರ್‌ಗಳನ್ನು ಹೊಂದಿಸಿ ಆರಂಭದ ಬೆಲೆ ತೆಗೆಯುತ್ತಾರೆ. ಮಾಮೂಲಿ ವಹಿವಾಟು 9:15ರಿಂದ 3:30. ಮುಚ್ಚಿದ ಮೇಲೂ 3:40ರಿಂದ 4:00ರವರೆಗೆ ಮುಕ್ತಾಯದ ಬೆಲೆಗೆ ಕೊಡು-ಕೊಳ್ಳುವ ಸಣ್ಣ ಕಿಟಕಿ ಇದೆ.

ಕರೆನ್ಸಿ ವಿಭಾಗ 9ರಿಂದ 5. ಎಂಸಿಎಕ್ಸ್‌ನಲ್ಲಿ ಚಿನ್ನ, ಬೆಳ್ಳಿ, ತೈಲ ಬೆಳಿಗ್ಗೆ 9ರಿಂದ ರಾತ್ರಿ 11:30 ಅಥವಾ 11:55ರವರೆಗೆ. ಈ "ಅಥವಾ" ಬಗ್ಗೆ ಮುಂದೆ ಹೇಳುತ್ತೇನೆ. ಗಿಫ್ಟ್ ನಿಫ್ಟಿ (ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ನಿಫ್ಟಿ ಸೂಚ್ಯಂಕದ ವಹಿವಾಟು) ಬೆಳಿಗ್ಗೆ 6:30ಕ್ಕೇ ಶುರುವಾಗಿ, ಸಂಜೆ ಸ್ವಲ್ಪ ಬಿಡುವು ಕೊಟ್ಟು, ನಡುರಾತ್ರಿ ಕಳೆದು 2:45ರವರೆಗೆ ನಡೆಯುತ್ತದೆ.

ಈ ಸಮಯಗಳೂ ಶಾಶ್ವತವಲ್ಲ. 2010ಕ್ಕೆ ಮುಂಚೆ ನಮ್ಮ ಷೇರುಪೇಟೆ ತೆರೆಯುತ್ತಿದ್ದುದು 9:55ಕ್ಕೆ. ಪ್ರೀ-ಓಪನ್ ಬಂದದ್ದು 2010ರ ಅಕ್ಟೋಬರ್‌ನಲ್ಲಿ. ದಿನದ ಕೊನೆಗೂ ಹರಾಜು ಪದ್ಧತಿ (ಆರ್ಡರ್‌ಗಳನ್ನು ಒಟ್ಟಿಗೆ ಹೊಂದಿಸಿ ಬೆಲೆ ತೆಗೆಯುವುದು) ತರುವ ಪ್ರಸ್ತಾವವನ್ನು ಪೇಟೆಯ ನಿಯಂತ್ರಕ ಸೆಬಿ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಆದ್ದರಿಂದ ನಾನು ಇಲ್ಲಿ ಕೊಟ್ಟ ಸಮಯಗಳನ್ನೂ ಸುಮ್ನೆ ನಕಲು ಮಾಡಬೇಡಿ. ಎಕ್ಸ್‌ಚೇಂಜ್‌ನ ಸುತ್ತೋಲೆ ನೋಡಿ ಫೈಲ್ ತುಂಬಿ.

ಹೆಜ್ಜೆ 2: ಸರ್ವರ್ ಗಡಿಯಾರ ಸರಿಮಾಡಿ

ಕ್ಲೌಡ್ ಸರ್ವರ್ ಮುಂಬೈಯಲ್ಲೇ ಇದ್ದರೂ ಅದರ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ. ನಮ್ಮ ಸಮಯಕ್ಕೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಕ್ರಾನ್‌ನಲ್ಲಿ (ಗೊತ್ತು ಮಾಡಿದ ಹೊತ್ತಿಗೆ ಕೆಲಸ ಶುರುಮಾಡುವ ಸವಲತ್ತು; ಮೊದಲು ನಿಮಿಷ, ಆಮೇಲೆ ಗಂಟೆ, ಕೊನೆಗೆ ವಾರದ ದಿನ) ಹೀಗೆ ಬರೆದರೆ ಏನಾಗುತ್ತದೆ ನೋಡಿ:

15 9 * * 1-5

ಬರೆದವರ ಲೆಕ್ಕದಲ್ಲಿ ಇದು ಬೆಳಿಗ್ಗೆ 9:15. ಯುಟಿಸಿ ಸರ್ವರ್ ಮೇಲೆ ಇದು ಓಡುವುದು ನಮ್ಮ ಮಧ್ಯಾಹ್ನ 2:45ಕ್ಕೆ. ಆರಂಭದ ಹದಿನೈದು ನಿಮಿಷದ ಏರಿಳಿತ ಹಿಡಿಯಬೇಕಾದ ಆಲ್ಗೋ ದಿನ ಮುಗಿಯುವ ಹೊತ್ತಿಗೆ ಎದ್ದು ಕೂರುತ್ತದೆ. ಸರಿಯಾದ ಸಾಲು ಇದು:

45 3 * * 1-5

ಇದಕ್ಕಿಂತ ನಾಜೂಕಾದ ತಪ್ಪು ಇನ್ನೊಂದಿದೆ. ಬೆಳಗಿನ ಜಾವ 5ಕ್ಕೆ ಡೇಟಾ ಇಳಿಸುವ ಕೆಲಸ ಇಟ್ಟಿದ್ದೀರಿ ಅಂದುಕೊಳ್ಳಿ. ಆಗ ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 11:30. ನಮ್ಮ ಸೋಮವಾರ ಬೆಳಗು ಅಲ್ಲಿ ಇನ್ನೂ ಭಾನುವಾರ. 1-5 ಅಂತ ಹಾಕಿದರೆ ಸೋಮವಾರ ಕೆಲಸ ನಡೆಯುವುದೇ ಇಲ್ಲ, ಶನಿವಾರ ಮಾತ್ರ ತಪ್ಪದೆ ನಡೆಯುತ್ತದೆ. ಸರ್ವರ್‌ನ ವಲಯವನ್ನು ಏಷ್ಯಾ/ಕೋಲ್ಕತಾ ಅಂತ ಬದಲಿಸುವುದು ಎಲ್ಲಕ್ಕಿಂತ ಸುಲಭ. ಕೋಡ್ ಒಳಗೆ ದಿನಾಂಕ-ಸಮಯ ಬಳಸುವಾಗಲೂ ವಲಯದ ಹೆಸರನ್ನು ಜೊತೆಗೇ ಬರೆಯಿರಿ. ಗಡಿಯಾರ ಸೆಕೆಂಡುಗಟ್ಟಲೆ ಹಿಂದೆ ಬೀಳದಂತೆ ಎನ್‌ಟಿಪಿ (ಇಂಟರ್ನೆಟ್ ಮೂಲಕ ಗಡಿಯಾರ ಸರಿಪಡಿಸುವ ಸೇವೆ) ಚಾಲೂ ಇದೆಯೇ ಅಂತ ಒಮ್ಮೆ ನೋಡಿ. ಅಷ್ಟು ಸಾಕು.

ಹೆಜ್ಜೆ 3: ರಜೆಯ ಫೈಲ್ ತಯಾರಿಸಿ

ನಮ್ಮ ರಾಜ್ಯದ ರಜೆಗಳನ್ನು ನಂಬಿಕೊಂಡರೆ ಮೊದಲ ವರ್ಷವೇ ಎಡವುತ್ತೀರಿ. ಎಕ್ಸ್‌ಚೇಂಜ್‌ಗಳು ಮುಂಬೈಯವು, ರಜೆಗಳೂ ಬಹುಪಾಲು ಅಲ್ಲಿನವೇ. ಕನ್ನಡ ರಾಜ್ಯೋತ್ಸವಕ್ಕೆ ಪೇಟೆಗೆ ರಜೆ ಇಲ್ಲ. 2024ರ ಏಪ್ರಿಲ್ 9ರ ಯುಗಾದಿಯಂದು ನಾವು ಬೇವು-ಬೆಲ್ಲ ತಿನ್ನುತ್ತಿದ್ದಾಗ ಷೇರುಪೇಟೆ ತೆರೆದಿತ್ತು. 2024ರ ನವೆಂಬರ್ 20ರಂದು ಮಹಾರಾಷ್ಟ್ರದಲ್ಲಿ ವಿಧಾನಸಭೆ ಮತದಾನ ಅಂತ ಮುಚ್ಚಿತ್ತು.

ರಜೆಗಿಂತ ಜಾಸ್ತಿ ತೊಂದರೆ ಕೊಡುವುದು ರಜೆಯ ದಿನ ತೆರೆಯುವ ಪೇಟೆ. 2025ರ ಫೆಬ್ರವರಿ 1 ಶನಿವಾರ, ಆದರೆ ಬಜೆಟ್ ಅಂತ ಪೂರ್ತಿ ದಿನ ವಹಿವಾಟು ನಡೆಯಿತು. 2026ರಲ್ಲಿ ಅದೇ ಫೆಬ್ರವರಿ 1 ಭಾನುವಾರ ಬಂತು, ಆಗಲೂ ಪೇಟೆ ತೆರೆದಿತ್ತು. 2024ರ ಮಾರ್ಚ್ 2ರ ಶನಿವಾರ ಬದಲಿ ಸರ್ವರ್ ಪರೀಕ್ಷೆಗೆಂದು ಎರಡು ತುಂಡು ವಹಿವಾಟು ನಡೆಸಿದರು: 9:15ರಿಂದ 10:00, ಆಮೇಲೆ 11:30ರಿಂದ 12:30. ಹತ್ತು ಗಂಟೆಗೆ ಪೇಟೆ ನಿಂತು ಹನ್ನೊಂದೂವರೆಗೆ ಮತ್ತೆ ತೆರೆಯಬಹುದು ಎಂದು ನಿಮ್ಮ ಆಲ್ಗೋಗೆ ಗೊತ್ತೇ?

2024ರ ಜನವರಿ 20ರ ಶನಿವಾರವಂತೂ ಇನ್ನೂ ಮಜಾ. ಅಂದು ಇಂಥದ್ದೇ ತುಂಡು ವಹಿವಾಟು ಎಂದು ಮೊದಲು ಹೇಳಿದ್ದರು. ಶುಕ್ರವಾರ ಪೇಟೆ ಮುಚ್ಚಿದ ಮೇಲೆ, ಶನಿವಾರ ಪೂರ್ತಿ ದಿನ ವಹಿವಾಟು, ಜನವರಿ 22ರ ಸೋಮವಾರ ರಜೆ ಎಂದು ಬದಲಿಸಿದರು. ವರ್ಷದ ಆರಂಭದಲ್ಲಿ ಒಮ್ಮೆ ಪಟ್ಟಿ ಇಳಿಸಿಕೊಂಡು ಮರೆತವರಿಗೆ ಇದು ತಿಳಿಯುವ ಬಗೆಯೇ ಇರಲಿಲ್ಲ.

ಆದ್ದರಿಂದ ಫೈಲ್‌ನಲ್ಲಿ ಬರೀ ರಜೆಯ ದಿನಾಂಕ ಬರೆದರೆ ಸಾಲದು. ಪ್ರತಿ ದಿನಕ್ಕೂ ಸಾಲು ಬೇಕು, ತೆರೆಯುವ-ಮುಚ್ಚುವ ಸಮಯ ಬೇಕು. ಒಂದು ದಿನಕ್ಕೆ ಎರಡು ಸಾಲು ಬಂದರೂ ಓದಲು ಬರಬೇಕು. ಹೀಗಿರಲಿ:

2025-10-20, ಎನ್‌ಎಸ್‌ಇ, 09:15, 15:30, ಮಾಮೂಲಿ
2025-10-21, ಎನ್‌ಎಸ್‌ಇ, 13:45, 14:45, ಮುಹೂರ್ತ
2025-10-22, ಎನ್‌ಎಸ್‌ಇ, ರಜೆ

ನಡುವಿನ ಸಾಲು ದೀಪಾವಳಿಯ ಮುಹೂರ್ತ ವಹಿವಾಟು. ಹಿಂದಿನ ವರ್ಷ ಅದು ಸಂಜೆ 6ರಿಂದ 7ರವರೆಗೆ ನಡೆದಿತ್ತು, 2025ರಲ್ಲಿ ಮಧ್ಯಾಹ್ನಕ್ಕೆ ಬಂತು. ಇಂಥ ದಿನ ಆಲ್ಗೋ ಓಡಿಸಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಆರ್ಡರ್ ಕಡಿಮೆ, ಹೊತ್ತೂ ಕಡಿಮೆ, ಹಳೆಯ ಡೇಟಾದಲ್ಲಿ ಹೋಲಿಸಲು ಏನೂ ಸಿಗುವುದಿಲ್ಲ. ಆದರೂ ಸಾಲು ಇರಲೇಬೇಕು. ಯಾಕೆಂದರೆ ಆ ಒಂದು ಗಂಟೆಯ ವಹಿವಾಟು ಚಾರ್ಟ್‌ನಲ್ಲಿ ಒಂದು ದಿನದ ಕ್ಯಾಂಡಲ್ (ಒಂದು ಅವಧಿಯ ಬೆಲೆಯ ಏರಿಳಿತ ತೋರಿಸುವ ಕಂಬ) ಆಗಿ ಕೂರುತ್ತದೆ. ಇಪ್ಪತ್ತು ದಿನದ ವಾಲ್ಯೂಮ್ ಸರಾಸರಿ ತೆಗೆಯುವ ಕೋಡ್ ಅದನ್ನೂ ಇಡೀ ದಿನ ಅಂತಲೇ ಎಣಿಸುತ್ತದೆ.

ಕ್ರಾನ್ ವಾರದ ಏಳೂ ದಿನ ಓಡಲಿ. ಇವತ್ತು ಪೇಟೆ ಇದೆಯೋ ಇಲ್ಲವೋ ಎಂಬುದನ್ನು ಫೈಲ್ ಹೇಳಲಿ. ಫೈಲ್‌ನಲ್ಲಿ ಇವತ್ತಿನ ಸಾಲೇ ಇಲ್ಲದಿದ್ದರೆ ಸಿಸ್ಟಂ ಆರ್ಡರ್ ಹಾಕದೆ ನಿಮ್ಮ ಫೋನ್‌ಗೆ ಸಂದೇಶ ಕಳಿಸಿ ಸುಮ್ಮನಿರಲಿ.

ಡೆಲಿವರಿ ವ್ಯವಹಾರ ಇದ್ದರೆ ಸೆಟಲ್‌ಮೆಂಟ್ ರಜೆಗೂ ಒಂದು ಕಾಲಂ ಸೇರಿಸಿ. ಕೆಲವು ದಿನ ಪೇಟೆ ತೆರೆದಿರುತ್ತದೆ, ಬ್ಯಾಂಕ್ ಮುಚ್ಚಿರುತ್ತದೆ. ಆಗ ನಿನ್ನೆ ಮಾರಿದ ದುಡ್ಡು, ನಿನ್ನೆ ಕೊಂಡ ಷೇರು ಒಂದು ದಿನ ತಡವಾಗಿ ಬರುತ್ತವೆ.

ಹೆಜ್ಜೆ 4: ಎಕ್ಸ್‌ಪೈರಿಯನ್ನು ವಾರದ ದಿನಕ್ಕೆ ಕಟ್ಟಬೇಡಿ

ಆಪ್ಷನ್ (ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ಕಾಂಟ್ರ್ಯಾಕ್ಟ್) ಆಲ್ಗೋಗಳಲ್ಲಿ ಅತಿ ಹೆಚ್ಚು ಕಾಣುವ ಸಾಲು "ಇವತ್ತು ಗುರುವಾರವಾದರೆ ಎಕ್ಸ್‌ಪೈರಿ", ಅಂದರೆ ಕಾಂಟ್ರ್ಯಾಕ್ಟ್ ಮುಗಿಯುವ ದಿನ. ಪೈಥಾನ್‌ನಲ್ಲಿ ಸೋಮವಾರ 0, ಹಾಗಾಗಿ ಗುರುವಾರ 3. ಎಷ್ಟೋ ಸ್ಕ್ರಿಪ್ಟ್‌ಗಳಲ್ಲಿ ಆ 3 ವರ್ಷಗಟ್ಟಲೆ ಹಾಗೇ ಕೂತಿತ್ತು. 2025ರ ಸೆಪ್ಟೆಂಬರ್‌ನಿಂದ ನಿಫ್ಟಿ ಎಕ್ಸ್‌ಪೈರಿ ಮಂಗಳವಾರಕ್ಕೆ ಬಂತು. ಸೆನ್ಸೆಕ್ಸ್ ಅಂತೂ ಶುಕ್ರವಾರದಿಂದ ಮಂಗಳವಾರಕ್ಕೆ, ಅಲ್ಲಿಂದ ಗುರುವಾರಕ್ಕೆ ಹಾರಿತು. ಬ್ಯಾಂಕ್ ನಿಫ್ಟಿಯ ವಾರದ ಕಾಂಟ್ರ್ಯಾಕ್ಟ್ 2024ರ ನವೆಂಬರ್‌ನಲ್ಲಿ ನಿಂತೇ ಹೋಯಿತು.

ಇದರ ಮೇಲೆ ರಜೆಯ ನಿಯಮ ಬೇರೆ. ಎಕ್ಸ್‌ಪೈರಿ ದಿನ ರಜೆ ಬಂದರೆ ಹಿಂದಿನ ವಹಿವಾಟಿನ ದಿನಕ್ಕೆ ಜರುಗುತ್ತದೆ. ಮೇಲಿನ ಮೂರು ಸಾಲು ಮತ್ತೆ ನೋಡಿ. ಅಕ್ಟೋಬರ್ 21 ಮಂಗಳವಾರ. ಮುಹೂರ್ತ ವಹಿವಾಟು ಇದ್ದರೂ ಲೆಕ್ಕಕ್ಕೆ ಅದು ರಜೆ, ಆದ್ದರಿಂದ ನಿಫ್ಟಿ ಎಕ್ಸ್‌ಪೈರಿ ಸೋಮವಾರ 20ಕ್ಕೇ ಆಗಿಹೋಯಿತು. "ಮಂಗಳವಾರ, ಪೇಟೆಯೂ ತೆರೆದಿದೆ" ಎಂದು ನೋಡುವ ಕೋಡ್ ಆ ಮಧ್ಯಾಹ್ನ ಮುಗಿದುಹೋದ ಆಪ್ಷನ್ ಹುಡುಕುತ್ತಾ ಕೂರುತ್ತದೆ.

ಪರಿಹಾರ ಕಷ್ಟದ್ದಲ್ಲ. ಬ್ರೋಕರ್‌ಗಳು ದಿನಾ ಬೆಳಿಗ್ಗೆ ಕಾಂಟ್ರ್ಯಾಕ್ಟ್‌ಗಳ ಪೂರ್ತಿ ಪಟ್ಟಿ ಕೊಡುತ್ತಾರೆ. ಪ್ರತಿ ಕಾಂಟ್ರ್ಯಾಕ್ಟ್ ಮುಂದೆ ಎಕ್ಸ್‌ಪೈರಿ ದಿನಾಂಕ ಇರುತ್ತದೆ. ಅದರಲ್ಲಿ ಇವತ್ತಿಗೆ ಅಥವಾ ಇವತ್ತಿನ ನಂತರಕ್ಕೆ ಹತ್ತಿರದ ದಿನಾಂಕ ಆರಿಸಿದರೆ ಮುಗಿಯಿತು.

ಬ್ಯಾಕ್‌ಟೆಸ್ಟ್ (ಹಳೆಯ ಡೇಟಾ ಮೇಲೆ ತಂತ್ರದ ಪರೀಕ್ಷೆ) ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗುರುವಾರ ಎಕ್ಸ್‌ಪೈರಿ ಇದ್ದಾಗ ಹೊಸ ವಾರ ಶುಕ್ರವಾರ ಶುರುವಾಗಿ, ಶನಿವಾರ-ಭಾನುವಾರ ಅದರ ಮೊದಲಲ್ಲೇ ಕಳೆದುಹೋಗುತ್ತಿತ್ತು. ಆಗ ಆಪ್ಷನ್‌ಗೆ ಇನ್ನೂ ಆಯಸ್ಸು ಇರುತ್ತಿತ್ತು. ಈಗ ಮಂಗಳವಾರ ಎಕ್ಸ್‌ಪೈರಿ, ಅಂದರೆ ಆ ಎರಡು ರಜಾದಿನ ಕೊನೆಯ ಗಳಿಗೆಗೆ ಅಂಟಿಕೊಂಡಿವೆ. ಶುಕ್ರವಾರ ಮಾರಿಟ್ಟ ಆಪ್ಷನ್‌ಗೆ ಸೋಮವಾರ ಬೆಳಿಗ್ಗೆ ಇನ್ನೂರು ಪಾಯಿಂಟ್ ಗ್ಯಾಪ್ (ಹಿಂದಿನ ಮುಕ್ತಾಯದಿಂದ ಜಿಗಿದ ಆರಂಭ) ಬಂದರೆ, ಅದರ ಪೆಟ್ಟು ಮೊದಲಿಗಿಂತ ಬಹಳ ಜೋರಾಗಿರುತ್ತದೆ. 2022ರ ಡೇಟಾ ಮೇಲೆ ಚೆನ್ನಾಗಿ ಕಂಡ ತಂತ್ರ ಹೊಸ ವೇಳಾಪಟ್ಟಿಗೂ ಹಾಗೇ ಹೊಂದುತ್ತದೆ ಅನ್ನಲು ಆಧಾರವಿಲ್ಲ. ಫಲಿತಾಂಶಗಳನ್ನು "ಸೋಮವಾರ, ಮಂಗಳವಾರ" ಅಂತ ವಿಂಗಡಿಸುವ ಬದಲು "ಎಕ್ಸ್‌ಪೈರಿಗೆ ಎಷ್ಟು ದಿನ ಬಾಕಿ, ನಡುವೆ ರಜೆ ಇತ್ತೇ" ಅಂತ ವಿಂಗಡಿಸಿ ನೋಡಿ.

ಹೆಜ್ಜೆ 5: ಬೆಳಿಗ್ಗೆಯ ತಯಾರಿ

ಲಾಗಿನ್ ಟೋಕನ್ (ಎಪಿಐ ಬಳಸಲು ಸಿಗುವ ತಾತ್ಕಾಲಿಕ ಕೀಲಿ) ದಿನವೂ ಸಾಯುತ್ತದೆ. ನಮ್ಮ ಬೆಂಗಳೂರಿನ ಬ್ರೋಕರ್ ಜೆರೋಧಾದ ಕೈಟ್ ಎಪಿಐಯಲ್ಲಿ ಅದರ ಆಯಸ್ಸು ಮುಂದೆ ಬರುವ ಬೆಳಗಿನ 6ರವರೆಗೆ. ಬೆಳಗಿನ ಜಾವ ಐದೂವರೆಗೆ ಲಾಗಿನ್ ಆಗಿ ನಿಶ್ಚಿಂತೆಯಿಂದ ಕೂತರೆ 9:15ಕ್ಕೆ ಆರ್ಡರ್ ಎಲ್ಲ ತಿರಸ್ಕೃತ. ಎಂಟರಿಂದ ಎಂಟೂವರೆ ಒಳ್ಳೆಯ ಹೊತ್ತು. ಏನಾದರೂ ಕೆಟ್ಟಿದ್ದರೆ ಸರಿಮಾಡಲು ಸಮಯವಿರುತ್ತದೆ.

ಲಾಗಿನ್ ಆದ ಮೇಲೆ ಕಾಂಟ್ರ್ಯಾಕ್ಟ್ ಪಟ್ಟಿ ಇಳಿಸಿ, ವೇಳಾಪಟ್ಟಿ ಫೈಲ್ ಓದಿಸಿ, ನಿನ್ನೆ ಉಳಿದ ಪೊಸಿಷನ್ ಪರಿಶೀಲಿಸಿ. ಸೆಬಿಯ 2025ರ ಫೆಬ್ರವರಿ ಸುತ್ತೋಲೆಯ ನಂತರ ಎಪಿಐ ಆರ್ಡರ್‌ಗೆ ಸ್ಥಿರ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಬೇಕು. ಸರ್ವರ್ ಮರುಶುರುವಾದಾಗ ಐಪಿ ಬದಲಾಗಿಲ್ಲ ತಾನೇ ಅಂತಲೂ ನೋಡಲಿ.

ಇನ್ನು 9:15ರ ಮೊದಲ ನಿಮಿಷ. ಆಪ್ಷನ್‌ಗಳಲ್ಲಿ ಆಗ ಕೊಳ್ಳುವ-ಮಾರುವ ಬೆಲೆಗಳ ನಡುವೆ ದೊಡ್ಡ ಕಂದಕ ಇರುತ್ತದೆ. ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಆಗುವಂಥದ್ದು) ಹಾಕಿದರೆ ಎಲ್ಲಿ ಹೋಗಿ ಬೀಳುತ್ತದೋ ಹೇಳಲಾಗದು. ಅದಕ್ಕೇ "9:20 ಸ್ಟ್ರಾಡಲ್" (ಒಂದೇ ಬೆಲೆಯ ಕಾಲ್, ಪುಟ್ ಆಪ್ಷನ್ ಎರಡನ್ನೂ ಒಟ್ಟಿಗೆ ಮಾರುವುದು) ಅಷ್ಟು ಜನಪ್ರಿಯವಾದದ್ದು: ಐದು ನಿಮಿಷ ಗದ್ದಲ ಇಳಿಯಲಿ, ಆಮೇಲೆ ಮಾರೋಣ ಅಂತ. ಆದರೆ ಎಲ್ಲರೂ 9:20:00ಕ್ಕೇ ಬಂದರೆ ಅಲ್ಲೂ ಗದ್ದಲವೇ. ನಿಮ್ಮ ತಂತ್ರಕ್ಕೆ ಆ ನಿಖರ ಸೆಕೆಂಡ್ ಮುಖ್ಯವಲ್ಲದಿದ್ದರೆ ಒಂದೆರಡು ನಿಮಿಷ ಅತ್ತಿತ್ತ ಇಡಿ, ಬೆಲೆ ನೀವೇ ನಿಗದಿ ಮಾಡುವ ಲಿಮಿಟ್ ಆರ್ಡರ್ ಬಳಸಿ. ಸೆಕೆಂಡಿಗೆ 10 ಆರ್ಡರ್ ಮಿತಿಯೂ ನೆನಪಿರಲಿ. ನಾಲ್ಕೈದು ತಂತ್ರ ಒಂದೇ ಸೆಕೆಂಡಿಗೆ ಇಟ್ಟವರು ಅದನ್ನು ಗೊತ್ತಿಲ್ಲದೆ ದಾಟುತ್ತಾರೆ.

ಹೆಜ್ಜೆ 6: ಕ್ಯಾಂಡಲ್ ಲೆಕ್ಕ

ನಮ್ಮ ಷೇರುಪೇಟೆಯ ದಿನ 375 ನಿಮಿಷ. ಐದು ನಿಮಿಷದ್ದು 75 ಕ್ಯಾಂಡಲ್, ಹದಿನೈದು ನಿಮಿಷದ್ದು 25. ಗಂಟೆಗೆ ಬಂದಾಗ ಲೆಕ್ಕ ಕೂಡುವುದಿಲ್ಲ: ಆರು ಪೂರ್ತಿ, ಕೊನೆಗೆ 3:15ರಿಂದ 3:30ರವರೆಗೆ ಒಂದು ಕಾಲು ಗಂಟೆಯ ಮರಿ ಕ್ಯಾಂಡಲ್. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಒಂದು ನಿಮಿಷದ ಡೇಟಾವನ್ನು ಗಂಟೆಗೆ ಕೂಡಿಸಿದರೆ ಅದು ತಾನಾಗಿ 9:00, 10:00 ಎಂದು ಕತ್ತರಿಸುತ್ತದೆ. ಮೊದಲ ಕ್ಯಾಂಡಲ್ 45 ನಿಮಿಷದ್ದಾಗುತ್ತದೆ. ಬ್ರೋಕರ್ ಚಾರ್ಟ್‌ನಲ್ಲಿ ಕ್ಯಾಂಡಲ್ 9:15ಕ್ಕೆ ಶುರು. ನಿಮ್ಮ ಆರ್‌ಎಸ್‌ಐ (ಬೆಲೆಯ ವೇಗ ಅಳೆಯುವ ಇಂಡಿಕೇಟರ್) ಒಂದು, ಚಾರ್ಟ್‌ನ ಆರ್‌ಎಸ್‌ಐ ಇನ್ನೊಂದು. ಹದಿನೈದು ನಿಮಿಷದ ಆಫ್‌ಸೆಟ್ ಕೊಟ್ಟರೆ ಎರಡೂ ಕೂಡಿಕೊಳ್ಳುತ್ತವೆ.

9:15 ಎಂಬ ಹೆಸರಿನ ಐದು ನಿಮಿಷದ ಕ್ಯಾಂಡಲ್ ಮುಗಿಯುವುದು 9:20ಕ್ಕೆ. ಬ್ಯಾಕ್‌ಟೆಸ್ಟ್‌ನಲ್ಲಿ 9:15ಕ್ಕೇ ಅದರ ಮುಕ್ತಾಯದ ಬೆಲೆ ಬಳಸಿದರೆ ನಾಳೆಯ ಪೇಪರ್ ಇವತ್ತೇ ಓದಿದ ಹಾಗೆ. ಅಂಥ ತಂತ್ರಗಳು ಕಾಗದದ ಮೇಲೆ ಯಾವಾಗಲೂ ಲಾಭದಲ್ಲೇ ಇರುತ್ತವೆ! ಬೆಳಿಗ್ಗೆ 9:20ಕ್ಕೆ 20 ಕ್ಯಾಂಡಲ್‌ನ ಸರಾಸರಿ ತೆಗೆದರೆ ಅದರಲ್ಲಿ 19 ನಿನ್ನೆಯವು ಎಂಬುದೂ ಗಮನದಲ್ಲಿರಲಿ. ರಾತ್ರಿ ಗ್ಯಾಪ್ ಬಿದ್ದಿದ್ದರೆ ಆ ಸರಾಸರಿಗೆ ಬೆಲೆಯೇ ಇಲ್ಲ.

ಹೆಜ್ಜೆ 7: ದಿನ ಮುಗಿಸುವುದು

ಇಂಟ್ರಾಡೇ (ಅದೇ ದಿನ ಮುಗಿಸಬೇಕಾದ) ಪೊಸಿಷನ್‌ಗಳನ್ನು ಬ್ರೋಕರ್‌ಗಳು 3:15ರಿಂದ 3:25ರೊಳಗೆ ತಾವೇ ಸ್ಕ್ವೇರ್ ಆಫ್ ಮಾಡುತ್ತಾರೆ, ಅಂದರೆ ಮುಚ್ಚುತ್ತಾರೆ. ಎಷ್ಟು ಹೊತ್ತಿಗೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಲವರು ಅದಕ್ಕೆ ಶುಲ್ಕವನ್ನೂ ಹಾಕುತ್ತಾರೆ. ಆದರೆ ಶುಲ್ಕ ಸಣ್ಣ ವಿಷಯ. ದೊಡ್ಡ ತೊಂದರೆ ಹೀಗಾಗುತ್ತದೆ:

3:19:58ಕ್ಕೆ ನಿಮ್ಮ ಆಲ್ಗೋ ಪೊಸಿಷನ್ ಕೇಳುತ್ತದೆ. 75 ಷೇರು ಇದೆ ಅಂತ ಉತ್ತರ. 3:20:00ಕ್ಕೆ ಬ್ರೋಕರ್ ಆ 75 ಮಾರುತ್ತಾನೆ. 3:20:01ಕ್ಕೆ ಆಲ್ಗೋ ಕೂಡ 75 ಮಾರುತ್ತದೆ. ಈಗ ನಿಮ್ಮ ಖಾತೆಯಲ್ಲಿ ಮೈನಸ್ 75. ಷೇರು ಇಲ್ಲದೆ ಮಾರಿದ್ದೀರಿ, ಹತ್ತು ನಿಮಿಷದಲ್ಲಿ ಪೇಟೆ ಮುಚ್ಚುತ್ತದೆ. ವಾಪಸ್ ಕೊಳ್ಳದಿದ್ದರೆ ಎಕ್ಸ್‌ಚೇಂಜ್‌ನ ಹರಾಜಿಗೆ ಹೋಗಿ ದಂಡ ಕಟ್ಟಬೇಕು. ಎಷ್ಟೋ ಬ್ರೋಕರ್‌ಗಳು ಆ ಹೊತ್ತಿನ ಮೇಲೆ ಹೊಸ ಇಂಟ್ರಾಡೇ ಆರ್ಡರ್ ತಡೆಯುತ್ತಾರೆ, ಆದರೆ ಆ ತಡೆಯನ್ನೇ ನೆಚ್ಚಿಕೊಂಡು ಕೋಡ್ ಬರೆಯಬಾರದು.

ಆಲ್ಗೋ ಬ್ರೋಕರ್‌ಗಿಂತ ಕನಿಷ್ಠ ಐದು ನಿಮಿಷ ಮುಂಚೆ ಹೊರಬರಲಿ. ಮೊದಲು ಬಾಕಿ ಸ್ಟಾಪ್‌ಲಾಸ್ ಆರ್ಡರ್ ರದ್ದು ಮಾಡಲಿ. ರದ್ದಾಯಿತು ಎಂಬ ಉತ್ತರ ಬಂದ ಮೇಲೆ ಪೊಸಿಷನ್ ಮತ್ತೊಮ್ಮೆ ಕೇಳಲಿ. ಆಮೇಲೆ ಮುಚ್ಚಲಿ. ಈ ಕ್ರಮ ತಿರುಗಿಸಿದರೆ ಉಳಿದ ಸ್ಟಾಪ್‌ಲಾಸ್ ತಾನೇ ಹೊಸ ಪೊಸಿಷನ್ ತೆರೆಯುತ್ತದೆ.

ಎಕ್ಸ್‌ಪೈರಿ ದಿನ ಇನ್ನೊಂದು ಅಂಶ. ಇಂಡೆಕ್ಸ್ ಆಪ್ಷನ್ ಇತ್ಯರ್ಥವಾಗುವುದು 3:30ರ ಕೊನೆಯ ಟಿಕ್ ಮೇಲಲ್ಲ. ಇಂಡೆಕ್ಸ್‌ನಲ್ಲಿರುವ ಷೇರುಗಳ ಕೊನೆಯ ಅರ್ಧ ಗಂಟೆಯ ಸರಾಸರಿಯಿಂದ ಮುಕ್ತಾಯದ ಮಟ್ಟ ತೆಗೆಯುವ ಪದ್ಧತಿ ಬಹುಕಾಲದಿಂದ ಇದೆ. ಹೆಜ್ಜೆ 1ರಲ್ಲಿ ಹೇಳಿದ ದಿನದ ಕೊನೆಯ ಹರಾಜು ಪದ್ಧತಿ ಬಂದಲ್ಲಿ ಮೊದಲು ಬದಲಾಗುವುದು ಇದೇ, ಆದ್ದರಿಂದ ಈ ನಿಯಮವನ್ನೂ ಫೈಲ್‌ನಲ್ಲೇ ಇಡಿ.

ಹೆಜ್ಜೆ 8: ಪೇಟೆ ನಡುವೆ ನಿಂತರೆ

ನಿಫ್ಟಿ ಅಥವಾ ಸೆನ್ಸೆಕ್ಸ್ 10% ಬಿದ್ದರೆ ಅಥವಾ ಏರಿದರೆ ವಹಿವಾಟು ನಿಲ್ಲುತ್ತದೆ. ಮಧ್ಯಾಹ್ನ 1ಕ್ಕೆ ಮುಂಚೆ ಆದರೆ 45 ನಿಮಿಷ, 1ರಿಂದ 2:30ರೊಳಗೆ 15 ನಿಮಿಷ, ಆಮೇಲೆ ನಿಲ್ಲುವುದಿಲ್ಲ. 15%ಕ್ಕೆ ನಿಯಮ ಇನ್ನೂ ಬಿಗಿ, 20%ಕ್ಕೆ ಆ ದಿನ ಅಲ್ಲಿಗೇ ಮುಗಿಯಿತು. 2020ರ ಮಾರ್ಚ್ 13 ಮತ್ತು 23ರಂದು ಇದು ನಿಜವಾಗಿ ನಡೆಯಿತು. ಆರ್ಡರ್ ತಿರಸ್ಕಾರವಾದರೆ ಮತ್ತೆ ಮತ್ತೆ ಕಳಿಸುವ ಕೋಡ್ ಆ 45 ನಿಮಿಷದಲ್ಲಿ ಸಾವಿರಾರು ಬಾರಿ ಬಾಗಿಲು ತಟ್ಟಿ ನಿಮ್ಮ ಎಪಿಐಯನ್ನೇ ಬಂದ್ ಮಾಡಿಸೀತು. ಮೂರು ಸಲ ತಿರಸ್ಕಾರವಾದರೆ ನಿಲ್ಲಿಸಿ ನಿಮಗೆ ಸಂದೇಶ ಕಳಿಸಲಿ.

ಇದಕ್ಕಿಂತ ಕಷ್ಟದ ದಿನ 2021ರ ಫೆಬ್ರವರಿ 24. ಸಂಪರ್ಕದ ತೊಂದರೆಯಿಂದ ಎನ್‌ಎಸ್‌ಇ 11:40ಕ್ಕೆ ನಿಂತಿತು. ಮುಂಬೈಯ ಇನ್ನೊಂದು ಷೇರುಪೇಟೆ ಬಿಎಸ್‌ಇ ನಡೆಯುತ್ತಲೇ ಇತ್ತು. ಮೂರು ಗಂಟೆ ದಾಟಿದರೂ ಎನ್‌ಎಸ್‌ಇ ಬರಲಿಲ್ಲ. ಕೆಲವು ಬ್ರೋಕರ್‌ಗಳು ಗ್ರಾಹಕರ ಪೊಸಿಷನ್‌ಗಳನ್ನು ಬಿಎಸ್‌ಇಯಲ್ಲಿ ಮುಚ್ಚಿದರು. ಆಮೇಲೆ ಪ್ರಕಟಣೆ ಬಂತು: 3:45ಕ್ಕೆ ಪೇಟೆ ತೆರೆದು 5:00ರವರೆಗೆ ನಡೆಯುತ್ತದೆ. "3:30 ಆಯಿತು, ಸ್ಕ್ರಿಪ್ಟ್ ಮುಗಿಸು" ಎಂದು ಬರೆದಿದ್ದ ಆಲ್ಗೋ ಆ ಹೊತ್ತಿಗೆ ಮಲಗಿಯಾಗಿರುತ್ತದೆ, ಪೊಸಿಷನ್ ತೆರೆದೇ ಇರುತ್ತದೆ. ಸ್ಕ್ರಿಪ್ಟ್ ಮುಗಿಸಲು ಗಡಿಯಾರ ಒಂದನ್ನೇ ನೋಡಬೇಡಿ. ಪೊಸಿಷನ್ ಸೊನ್ನೆಯಾಗಿದೆಯೇ, ಬಾಕಿ ಆರ್ಡರ್ ಇಲ್ಲವೇ ಎಂದು ನೋಡಿ ಮುಗಿಸಿ. ಇಲ್ಲದಿದ್ದರೆ ಎಚ್ಚರವಾಗಿದ್ದು ನಿಮಗೆ ಕರೆ ಮಾಡಲಿ.

ಹೆಜ್ಜೆ 9: ಅಮೆರಿಕದ ಗಡಿಯಾರ

ಬರೀ ನಿಫ್ಟಿ ಮಾಡುವವರು ಇದನ್ನು ಬಿಡಬಹುದು. ಎಂಸಿಎಕ್ಸ್ ಮಾಡುವವರು ಬಿಡುವಂತಿಲ್ಲ. ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತದೆ. ಮುಂದೆ ಇದ್ದಾಗ ಎಂಸಿಎಕ್ಸ್ ರಾತ್ರಿ 11:30ಕ್ಕೆ ಮುಚ್ಚುತ್ತದೆ, ಉಳಿದ ತಿಂಗಳು 11:55ಕ್ಕೆ. ಅಮೆರಿಕದ ತೈಲ ದಾಸ್ತಾನಿನ ವರದಿ ಸಾಮಾನ್ಯವಾಗಿ ಬುಧವಾರ ಬರುತ್ತದೆ. ನಮಗೆ ಅದು ಬೇಸಿಗೆಯಲ್ಲಿ ರಾತ್ರಿ 8, ಚಳಿಗಾಲದಲ್ಲಿ 9. "ವರದಿಗೆ ಐದು ನಿಮಿಷ ಮುಂಚೆ ಹೊರಗೆ ಬಾ" ಎಂಬ ನಿಯಮವನ್ನು ಭಾರತೀಯ ಸಮಯದಲ್ಲಿ ಬರೆದರೆ ಅಮೆರಿಕದ ಗಡಿಯಾರ ಬದಲಾದಾಗ ಕೆಡುತ್ತದೆ. ನ್ಯೂಯಾರ್ಕ್ ವಲಯದಲ್ಲಿ 10:30 ಎಂದು ಬರೆದು, ಪರಿವರ್ತನೆಯ ಕೆಲಸ ಕಂಪ್ಯೂಟರ್‌ಗೆ ಬಿಡಿ.

ಹಬ್ಬದ ದಿನಗಳಲ್ಲಿ ಎಂಸಿಎಕ್ಸ್ ಹಲವು ಸಲ ಬೆಳಿಗ್ಗೆ ಮುಚ್ಚಿ ಸಂಜೆ 5ಕ್ಕೆ ತೆರೆಯುತ್ತದೆ. ಅದಕ್ಕೂ ಫೈಲ್‌ನಲ್ಲಿ ಬೇರೆ ಸಾಲು.

ಹೆಜ್ಜೆ 10: ಕೆಟ್ಟ ದಿನಗಳ ಮೇಲೆ ಓಡಿಸಿ ನೋಡಿ

ಸಿಸ್ಟಂಗೆ ನಕಲಿ ಗಡಿಯಾರ ಕೊಟ್ಟು, ಆರ್ಡರ್ ಎಕ್ಸ್‌ಚೇಂಜ್‌ಗೆ ಹೋಗದಂತೆ ಮಾಡಿ, ಈ ದಿನಾಂಕಗಳಲ್ಲಿ ಓಡಿಸಿ: 2020ರ ಮಾರ್ಚ್ 23, 2021ರ ಫೆಬ್ರವರಿ 24, 2024ರ ಜನವರಿ 20 ಮತ್ತು 22, 2024ರ ಮಾರ್ಚ್ 2, 2025ರ ಅಕ್ಟೋಬರ್ 20 ಮತ್ತು 21. ಪ್ರತಿ ದಿನವೂ ಎದ್ದದ್ದು ಯಾವಾಗ, ಯಾವ ಎಕ್ಸ್‌ಪೈರಿ ಆರಿಸಿತು, ಮಲಗಿದ್ದು ಯಾವಾಗ, ಮಲಗುವಾಗ ಕೈಯಲ್ಲಿ ಏನು ಉಳಿದಿತ್ತು ಎಂದು ಲಾಗ್‌ನಲ್ಲಿ ಓದಿ. ಏಳರಲ್ಲಿ ಒಂದು ದಿನ ತಪ್ಪಿದರೂ ನಿಜವಾದ ದುಡ್ಡು ಹಾಕಬೇಡಿ. ಮುಂದೆ ಎಕ್ಸ್‌ಚೇಂಜ್ ಹೊಸದೊಂದು ವಿಚಿತ್ರ ದಿನ ಕೊಟ್ಟಾಗ ಅದನ್ನೂ ಈ ಪಟ್ಟಿಗೆ ಸೇರಿಸಿ, ಮತ್ತೆ ಎಲ್ಲವನ್ನೂ ಓಡಿಸಿ.